ಹಳೇ ಊಟದ ಟೇಬಲ್‌ಗೆ ಪಾಲಿಶ್ ಹಿಡಿಯಬೇಕಾದರೆ

ಬೆಂಗಳೂರಲ್ಲಿ ಮನೆ ಖಾಲಿ ಮಾಡುವವರು ಮಾರಿದ ಡೈನಿಂಗ್ ಟೇಬಲ್ಲು ಟಾಟಾ ಏಸ್‌ನಲ್ಲಿ 70 ಕಿಲೋಮೀಟರ್ ಕುಲುಕಾಡಿಕೊಂಡು ತುಮಕೂರಿಗೆ ಬಂದಿಳಿದಾಗಲೂ ಪಳಪಳ ಅನ್ನುತ್ತಿರುತ್ತದೆ. ಆ ಹೊಳಪನ್ನು ನಂಬಬೇಡಿ. ಮಾರುವ ಹಿಂದಿನ ದಿನ ಸ್ಪ್ರೇ ಪಾಲಿಶ್ ಹೊಡೆದು ಬಟ್ಟೆಯಲ್ಲಿ ಒರೆಸಿದರೆ ಯಾವ ಹಳೇ ಮರವೂ ಹೊಳೆಯುತ್ತದೆ. ಅಂಥ ಎಷ್ಟೋ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ, ಮುಂದೆ ನೀವು ಹಚ್ಚುವ ದುಬಾರಿ ಪಿಯು (ಪಾಲಿಯುರೆಥೇನ್) ಕೋಟನ್ನು ಕೆಡಿಸುವುದು ಅದೇ. ಹೊಸ ಪಾಲಿಶ್ ಏಳುವುದಕ್ಕೆ ಡಬ್ಬಿಯನ್ನು ಬೈಯುವವರೇ ಹೆಚ್ಚು. ತಪ್ಪು ಸಾಮಾನ್ಯವಾಗಿ ಅದರ ಕೆಳಗೆ ಉಳಿದ ಹಳೇ ಪದರದ್ದು, ಇಲ್ಲವೇ ಒಣಗುವ ಮೊದಲೇ ತಟ್ಟೆ ಇಟ್ಟವರದ್ದು.

ಆದ್ದರಿಂದ ಬ್ರಷ್ ಕೊಳ್ಳುವ ಮೊದಲು ಟೇಬಲ್ ಮೇಲೆ ಈಗ ಏನಿದೆ ಅನ್ನುವುದು ಗೊತ್ತಾಗಬೇಕು. ಹಲಗೆಯ ಅಂಚಿನ ಕೆಳಭಾಗದಲ್ಲಿ, ಕೂತವರ ಕಣ್ಣಿಗೆ ಬೀಳದ ಕಡೆ, ಹತ್ತಿಯಲ್ಲಿ ಅದ್ದಿದ ಪಾಲಿಶ್ ಸ್ಪಿರಿಟ್ಟನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬೆರಳಿಗೆ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಪಕ್ಕದಲ್ಲೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಚ್ಚಿ ನೋಡಿ. ಕರಗಿ ಬಂದರೆ ಎನ್‌ಸಿ ಲ್ಯಾಕರ್, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೆದ್ದರೆ ಎಣ್ಣೆ ವಾರ್ನಿಷ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು. ಉಗುರಲ್ಲಿ ಕೆರೆದಾಗ ಬಿಳಿ ಜಿಡ್ಡು ಬಂದರೆ ಮೇಲೊಂದು ಮೇಣದ ಪದರವೂ ಇದೆ ಎಂದು ತಿಳಿಯಿರಿ. ಟರ್ಪೆಂಟೈನ್‌ನಲ್ಲಿ ಬಟ್ಟೆ ಬದಲಿಸುತ್ತಾ ಮೂರು ಸಲ ಒರೆಸಿ ಮೇಣ ತೆಗೆಯದೆ ಮುಂದೆ ಹೋಗಬಾರದು. ಮೇಣದ ಮೇಲೆ ಉಪ್ಪು ಕಾಗದ ಉಜ್ಜಿದರೆ ಕಾಗದ ಕಟ್ಟಿಕೊಳ್ಳುವುದಲ್ಲದೆ ಮೇಣ ಇನ್ನೂ ಒಳಕ್ಕಿಳಿಯುತ್ತದೆ.

ಎರಡನೆಯದು ಮರ ಇಡಿಯೋ ವೆನೀರೋ ಅನ್ನುವುದು. ಹಲಗೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಎಳೆಗಳು ಮಡಚಿದಂತೆ ಅಂಚಿಗೂ ಇಳಿದಿದ್ದರೆ ಇಡೀ ಮರ. ಅಂಚಿನಲ್ಲಿ ಬೇರೆ ಪಟ್ಟಿ ಅಂಟಿಸಿದ್ದು, ಕೆಳಮೈಯ ಎಳೆಗೂ ಮೇಲ್ಮೈಯ ಎಳೆಗೂ ಸಂಬಂಧವೇ ಇಲ್ಲದಿದ್ದರೆ ಅದು ಪ್ಲೈ ಅಥವಾ ಎಂಡಿಎಫ್ ಮೇಲೆ ಕೂಡಿಸಿದ ವೆನೀರ್. ಆ ತೇಗದ ಹಾಳೆಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್, ಎಷ್ಟೋ ಸಲ ಅದಕ್ಕೂ ಕಡಿಮೆ. ಅದರ ಮೇಲೆ ಸ್ಯಾಂಡರ್ ಮಷೀನು ಓಡಿಸಿದರೆ ಮೂಲೆಗಳಲ್ಲಿ ಒಂದೇ ನಿಮಿಷದಲ್ಲಿ ತೂತು ಬೀಳುತ್ತದೆ, ಅದಕ್ಕೆ ರಿಪೇರಿಯೂ ಇಲ್ಲ. ವೆನೀರ್ ಆದರೆ ಕೈಯಲ್ಲೇ, 180 ನಂಬರಿಗಿಂತ ಒರಟಾದ (ನಂಬರ್ ಕಡಿಮೆಯಾದಷ್ಟೂ ಒರಟು) ಕಾಗದ ಮುಟ್ಟದೆ ಉಜ್ಜಿ. ಸನ್‌ಮೈಕಾ ಮೇಲ್ಮೈಗೆ ಈ ಬರಹದ ಯಾವುದೂ ಹೊಂದುವುದಿಲ್ಲ.

ಇಡೀ ಮರವಾದರೆ ಯಾವ ಮರ ಎನ್ನುವುದೂ ಮುಖ್ಯ. ತೇಗದಲ್ಲಿ ಸಹಜ ಎಣ್ಣೆ ಇರುತ್ತದೆ. ಉಜ್ಜಿದ ಮೇಲೆ ಅದು ನಿಧಾನವಾಗಿ ಮೇಲೆ ಬರುವುದರಿಂದ ಮೊದಲ ಕೋಟ್ ಹಾಕುವ ಅರ್ಧ ಗಂಟೆ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಬೀಟೆ, ಶೀಷಮ್ ಮರಗಳಲ್ಲಿರುವ ಅಂಶಗಳು ಎಣ್ಣೆ ವಾರ್ನಿಷ್ ಒಣಗುವುದನ್ನೇ ತಡೆಯುತ್ತವೆ, ನಾಲ್ಕು ದಿನವಾದರೂ ಬೆರಳು ಅಂಟುತ್ತದೆ. ಇದಕ್ಕೆ ಮದ್ದು ಮರಕ್ಕೂ ಪಾಲಿಶ್‌ಗೂ ಮಧ್ಯದಲ್ಲಿ ಒಂದು ತೆಳು ಅರಗಿನ ಕೋಟ್, ಅದನ್ನು ಕಲಸುವ ಬಗೆ ಮುಂದೆ ಹೇಳುತ್ತೇವೆ. ಇನ್ನು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಹಣ್ಣಿಗೆ ಹೆಸರಾದ ಊರು, ಹಾಗಾಗಿ ಈ ಕಡೆಯ ಹಳೇ ಮನೆಗಳಲ್ಲಿ ಹಲಸಿನ ಹಲಗೆ ಅಪರೂಪವಲ್ಲ. ಉಜ್ಜಿದ ತಕ್ಷಣ ಅದು ಅರಿಶಿನ ಬಳಿದಂತೆ ಹಳದಿಯಾಗುತ್ತದೆ, ಸ್ಪಿರಿಟ್ ಬಟ್ಟೆಗೂ ಹಳದಿ ಹತ್ತುತ್ತದೆ. ಗಾಬರಿ ಬೇಡ. ಅದು ಮರದ ಸ್ವಂತ ಬಣ್ಣ, ಹಿಂದೆ ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದರಿಂದಲೇ. ಬೆಳಕು ಬಿದ್ದಂತೆ ತಿಂಗಳುಗಳಲ್ಲಿ ಮತ್ತೆ ಕಂದಾಗುತ್ತದೆ.

ಹಳೇ ಪದರ ಪೂರ್ತಿ ತೆಗೆಯಬೇಕೇ? ನಮ್ಮ ಲೆಕ್ಕ ಹೀಗೆ: ಮೇಲಿನ ಹಲಗೆಯನ್ನು ಬರೀ ಮರಕ್ಕೆ ತನ್ನಿ. ಕಾಲು, ಪಟ್ಟಿಗಳ ಪಾಲಿಶ್ ಗಟ್ಟಿಯಾಗಿದ್ದರೆ 320 ಕಾಗದದಲ್ಲಿ ಹೊಳಪು ಸಾಯುವವರೆಗೆ ಉಜ್ಜಿ ಅದರ ಮೇಲೆಯೇ ಒಂದು ಕೋಟ್ ಕೊಡಿ. ಬಿಸಿ, ನೀರು, ಹುಳಿ ಬೀಳುವುದು ಹಲಗೆ ಮೇಲೆ. ಕೆತ್ತನೆ ಕಾಲುಗಳನ್ನು ಬರಿದು ಮಾಡಲು ಹೋದರೆ ಎರಡು ದಿನ ಹಾಳು, ಕೆತ್ತನೆಯ ಮೂಲೆಗಳೂ ಸವೆಯುತ್ತವೆ. ಹಲಸಿನಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಹಲಗೆ ಹಳದಿ, ಕಾಲು ಕಂದು ಆಗಿ ಎರಡು ಬೇರೆ ಟೇಬಲ್ ಸೇರಿಸಿದಂತೆ ಕಾಣುತ್ತದೆ.

ತೆಗೆಯಲು ಪೇಂಟ್ ರಿಮೂವರ್ ಸಿಗುತ್ತದೆ. ದಪ್ಪಗೆ ಒಂದೇ ಕಡೆಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 15-20 ನಿಮಿಷ ಬಿಟ್ಟು, ಪುಟ್ಟಿ ಬಳಿಯುವ ಅಗಲ ಪಟ್ಟಿಯಲ್ಲಿ ಎಳೆಯ ದಿಕ್ಕಿಗೆ ತೆಗೆಯಿರಿ. ಕೈಗವಸು ಬೇಕೇ ಬೇಕು, ಕೆಲಸ ಹೊರಗೆ, ನೆರಳಲ್ಲಿ. ಆಚಾರ್ರು ಒಡೆದ ಗಾಜಿನ ಅಂಚಿನಲ್ಲಿ ಕೆರೆಯುವುದನ್ನು ನೋಡಿರುತ್ತೀರಿ. ಪಳಗಿದ ಕೈಗೆ ಅದು ಚೆನ್ನ, ಹೊಸಬರಿಗೆ ಉಕ್ಕಿನ ಸ್ಕ್ರೇಪರ್ ವಾಸಿ. ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆಯುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಬಿಟ್ಟುಬಿಡಿ. ತೇಗ ಕಪ್ಪಾಗುತ್ತದೆ, ಜೋಡಣೆಯ ಅಂಟು ಬಿಡುತ್ತದೆ. ಟೇಬಲ್‌ಗೆ ಹಿಂದೆ ಬಣ್ಣದ ಪೇಂಟ್ ಬಳಿದಿದ್ದರೆ ಒಣಗಿದಂತೆಯೇ ಉಜ್ಜಬೇಡಿ. ಮನೆ ಬಳಕೆಯ ಪೇಂಟ್‌ಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕೂ ಹಿಂದಿನ ಪೇಂಟಿನ ಧೂಳು ಮಕ್ಕಳಿರುವ ಮನೆಗೆ ಬೇಡ. ರಿಮೂವರ್‌ನಲ್ಲೇ ತೆಗೆಯಿರಿ, ಇಲ್ಲವೇ ವಾಟರ್ ಪೇಪರ್ ನೆನೆಸಿ ಉಜ್ಜಿ.

ಬರೀ ಮರ ಕಂಡ ಮೇಲೆ ಕಲೆಗಳು ಕಾಣುತ್ತವೆ. ಕಪ್ಪು ಉಂಗುರ ಅಥವಾ ಮೊಳೆಯ ಸುತ್ತ ಕಪ್ಪು ಇದ್ದರೆ ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದ ಶಾಯಿ. ಎಷ್ಟು ಉಜ್ಜಿದರೂ ಹೋಗದು, ಆಕ್ಸಾಲಿಕ್ ಆಸಿಡ್‌ಗೆ ಹೋಗುತ್ತದೆ. ಒಂದು ಲೀಟರ್ ಬಿಸಿ ನೀರಿಗೆ 80ರಿಂದ 100 ಗ್ರಾಂ ಪುಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲೊಂದು ಬಿಳಿಚಿಕೊಂಡ ತೇಪೆ ಉಳಿಯುತ್ತದೆ, ಆದ್ದರಿಂದ ಇಡೀ ಹಲಗೆಗೆ ಹಚ್ಚಿ 20 ನಿಮಿಷ ಬಿಟ್ಟು ಎರಡು-ಮೂರು ಸಲ ಶುದ್ಧ ನೀರಲ್ಲಿ ಒರೆಸಿ ತೆಗೆಯಬೇಕು. ಇದು ವಿಷ. ತೊಳೆಯದೆ ಒಣಗಿದ ಮೇಲೆ ಉಜ್ಜಿದರೆ ಆ ಪುಡಿ ಮೂಗು, ಗಂಟಲು ಸುಡುತ್ತದೆ. ಎರಡು ದಿನ ನೆರಳಲ್ಲಿ ಒಣಗಲಿ. ಅರಿಶಿನದ ಕಲೆಗೆ ಇಷ್ಟೆಲ್ಲ ಬೇಡ, ಬರೀ ಮರದ ಮೇಲಿನ ಅರಿಶಿನ ಒಂದೆರಡು ದಿನದ ಬಿಸಿಲಿಗೇ ಮಾಸುತ್ತದೆ.

ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಜೀವಂತ. ಅಂಥ ಟೇಬಲ್ಲನ್ನು ಕೊಳ್ಳದಿರುವುದೇ ಒಳ್ಳೆಯದು.

ಉಜ್ಜುವ ಕ್ರಮ 80, 120, 180, 220. ಒಂದನ್ನು ಹಾರಿಸಿದರೂ ಹಿಂದಿನ ಕಾಗದದ ಗೀರು ಉಳಿಯುತ್ತದೆ. ಒಣ ಮರದಲ್ಲಿ ಅದು ಕಾಣದು, ಪಾಲಿಶ್ ತಾಗಿದ ಕೂಡಲೇ ಎದ್ದು ನಿಲ್ಲುತ್ತದೆ. ಪತ್ತೆ ಮಾಡುವ ಉಪಾಯ: ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಹಲಗೆಗೆ ಮಲಗಿಸಿದಂತೆ ಹಿಡಿದರೆ ಅಡ್ಡ ಗೀರುಗಳೆಲ್ಲ ನೆರಳಾಗಿ ಕಾಣುತ್ತವೆ. ಕಾಗದವನ್ನು ಬರೀ ಬೆರಳಲ್ಲಿ ಒತ್ತಬೇಡಿ, ಬೆರಳಿನ ಅಗಲಕ್ಕೆ ತಗ್ಗು ಬೀಳುತ್ತದೆ. ಅಂಗೈ ಅಗಲದ ಮರದ ತುಂಡಿಗೆ ಸುತ್ತಿಕೊಳ್ಳಿ. 220ರ ಮೇಲೆ ಹೋಗಬೇಡಿ. ನುಣುಪು ಜಾಸ್ತಿಯಾದರೆ ಪಾಲಿಶ್‌ಗೆ ಹಿಡಿತ ಸಿಗದು. ತೇಗದ ಧೂಳಿಗೆ ಚರ್ಮ, ಮೂಗು ಕೆರೆಯುತ್ತವೆ, ಎನ್95 ಮಾಸ್ಕ್ ಹಾಕಿಕೊಳ್ಳಿ.

ಬಿರುಕು, ಮೊಳೆ ತೂತು ತುಂಬಲು ಎಲ್ಲರೂ ಫೆವಿಕಾಲ್‌ಗೆ ಮರದ ಪುಡಿ ಕಲಸುತ್ತಾರೆ. ಗಟ್ಟಿಯಾಗುವುದು ನಿಜ, ಆದರೆ ಆ ಜಾಗ ಪಾಲಿಶ್ ಕುಡಿಯದೆ ಮಾಸಲು ಮಚ್ಚೆಯಾಗಿ ಉಳಿಯುತ್ತದೆ. ಅದೇ ಟೇಬಲ್ ಉಜ್ಜಿದಾಗ ಬಂದ ನುಣ್ಣನೆ ಪುಡಿಯನ್ನು ಎತ್ತಿಟ್ಟು, ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್‌ನಲ್ಲೋ ಅರಗಿನ ಪಾಲಿಶ್‌ನಲ್ಲೋ ಕಲಸಿ ತುಂಬಿ. ಒಣಗಿ ಕುಗ್ಗುತ್ತದೆ, ಆದ್ದರಿಂದ ಸ್ವಲ್ಪ ಉಬ್ಬಿಸಿ ತುಂಬಿ ಆಮೇಲೆ ಸಮ ಮಾಡಬೇಕು. ಸೀಮೆಸುಣ್ಣದ ಪುಡಿ, ಕಾವಿ ಕಲಸಿದ ಫಿಲ್ಲರ್ ಬಳಿದಿದ್ದರೆ ಎಳೆಗೆ ಅಡ್ಡಲಾಗಿ ಗೋಣಿತಟ್ಟಿನಲ್ಲಿ ಪೂರ್ತಿ ಒರೆಸಿ ತೆಗೆಯಿರಿ. ಉಳಿದರೆ ಮರದ ರಂಧ್ರಗಳಲ್ಲಿ ಬಿಳಿ ಗೆರೆ. ಎರಡು ಹಲಗೆ ಕೂಡುವಲ್ಲಿ ಬೇಸಿಗೆಗೆ ಬಾಯಿ ತೆರೆದು ಮಳೆಗಾಲಕ್ಕೆ ಮುಚ್ಚುವ ಸಂದನ್ನು ಮಾತ್ರ ತುಂಬಬೇಡಿ. ಮರ ಉಬ್ಬಿದಾಗ ತುಂಬಿದ್ದು ಕಿತ್ತು ಬರುತ್ತದೆ, ಇಲ್ಲವೇ ಹಲಗೆ ಬಾಗುತ್ತದೆ.

ಈಗ ಏನು ಹಚ್ಚುವುದು ಅನ್ನುವ ಮಾತು. ಫ್ರೆಂಚ್ ಪಾಲಿಶ್ ಚೆಂದಕ್ಕೆ ಎಣೆಯಿಲ್ಲ, ದೇವರ ಮಂಟಪಕ್ಕೋ ಬೀರುವಿಗೋ ಹೇಳಿ ಮಾಡಿಸಿದ್ದು. ಊಟದ ಟೇಬಲ್‌ಗೆ ಬೇಡ. ಅರಗು 75-80 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ, ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಅದಕ್ಕಿಂತ ಬಿಸಿ. ಸ್ಯಾನಿಟೈಸರ್ ಹನಿ ಬಿದ್ದರೆ ಕರಗುತ್ತದೆ, ಸೋಪಿನ ನೀರಿಗೆ ಮಂಕಾಗುತ್ತದೆ. ಮೆಲಮೈನ್ ಗಟ್ಟಿ, ಅಗ್ಗ. ಆದರೆ ಪೆಡಸು: ಅಂಚಿಗೆ ಸ್ಟೀಲ್ ಚೊಂಬು ತಾಗಿದರೆ ಚಕ್ಕೆ ಏಳುತ್ತದೆ. ಒಣಗುವಾಗ ಕಣ್ಣುರಿಸುವ ಫಾರ್ಮಾಲ್ಡಿಹೈಡ್ ಬಿಡುತ್ತದೆ, ವಾರವಾದರೂ ಊಟದ ಜಾಗದಲ್ಲಿ ಆ ವಾಸನೆ. ಬೇಸ್ ಮತ್ತು ಹಾರ್ಡನರ್ ಸೇರಿಸುವ ಎರಡು ಡಬ್ಬಿಯ ಪಿಯು ಬಿಸಿಗೂ ನೀರಿಗೂ ಇವುಗಳಿಗಿಂತ ಮೇಲು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುವುದರಿಂದ ಮನೆಯೊಳಗೆ ಸ್ಪ್ರೇ ಮಾಡುವ ಮಾತೇ ಇಲ್ಲ, ಆ ಮಂಜು ಉಸಿರಿಗೆ ಹೋದರೆ ಆಸ್ತಮಾ ತರಿಸಬಲ್ಲದು. ಅದನ್ನು ಸ್ಪ್ರೇ ಬೂತ್ ಇರುವ ಪಾಲಿಶ್‌ನವರಿಗೆ ಬಿಡಿ. ಮನೆಯಲ್ಲಿ ಬ್ರಷ್ ಹಿಡಿದು ಮಾಡುವವರಿಗೆ ಒಂದೇ ಡಬ್ಬಿಯ ಪಿಯು ಸಾಕು.

ಎಣ್ಣೆಯ ದಾರಿಯೂ ಇದೆ, ಆದರೆ ಒಣಗುವ ಎಣ್ಣೆ ಆಗಬೇಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೊಬ್ಬರಿ, ಕಡಲೆಕಾಯಿ, ಹೊಂಗೆ ಎಣ್ಣೆಗಳು ಎಂದೂ ಗಟ್ಟಿಯಾಗವು, ಧೂಳು ಹಿಡಿದು ಅಂಟಂಟಾಗುತ್ತವೆ. ತಿಪಟೂರಿನ ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ, ಟೇಬಲ್‌ಗೆ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವ ಶಾಖ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ, ಇದು ಉತ್ಪ್ರೇಕ್ಷೆಯಲ್ಲ. ಬಿಡಿಸಿ ಹೊರಗೆ ತಂತಿ ಮೇಲೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಎಣ್ಣೆಯಂಶದ ಪಿಯು ಒರೆಸಿದ ಬಟ್ಟೆಗೂ ಇದೇ ಎಚ್ಚರ.

ಐದಡಿಗೆ ಮೂರಡಿ ಟೇಬಲ್ ಎಂದುಕೊಳ್ಳೋಣ. ಮೇಲ್ಮೈ 15 ಚದರ ಅಡಿ. ಒಂದು ಕೋಟ್‌ಗೆ ಸುಮಾರು 150 ಎಂಎಲ್ ಹಿಡಿಯುತ್ತದೆ, ನಾಲ್ಕು ಕೋಟ್‌ಗೆ 600. ಕೆಳಮೈ, ಕಾಲುಗಳಿಗೆ ಉಳಿದದ್ದು ಸೇರಿ ಒಂದು ಲೀಟರ್ ಡಬ್ಬಿ ಸಾಕು. ಜೊತೆಗೆ ಎರಡೂವರೆ ಇಂಚಿನ ಒಳ್ಳೆ ಬ್ರಷ್, ಡಬ್ಬಿ ಮೇಲೆ ಹೇಳಿದ ಥಿನ್ನರ್ ಅರ್ಧ ಲೀಟರ್, ಹಳೇ ಬನಿಯನ್ ಬಟ್ಟೆ. ತುಮಕೂರಿನ ಮಂಡಿಪೇಟೆಯ ಒಂದೇ ಸುತ್ತಿನಲ್ಲಿ ಮುಗಿಯುವ ಪಟ್ಟಿ. ಬ್ರಷ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ್ದು ಕೂದಲು ಉದುರಿಸುತ್ತದೆ, ಪ್ರತಿ ಕೂದಲೂ ಕೋಟ್‌ನೊಳಗೆ ಕೂತುಬಿಡುತ್ತದೆ.

ಬೀಟೆ, ಶೀಷಮ್ ಇದ್ದರೆ ಅಥವಾ ಹಿಂದೆ ಸ್ಪ್ರೇ ಪಾಲಿಶ್ ಹೊಡೆದ ಅನುಮಾನವಿದ್ದರೆ ಮೊದಲು ಅರಗಿನ ತಡೆ ಕೋಟ್. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆಯ ಲೆಕ್ಕ, ಟೇಬಲ್‌ಗೆ ಕಾಲು ಲೀಟರ್‌ಗೆ 30 ಗ್ರಾಂ ಸಾಕು. ಗಾಜಿನ ಬಾಟಲಲ್ಲಿ ಹಾಕಿ ಆಗಾಗ ಅಲ್ಲಾಡಿಸಿ ರಾತ್ರಿಯಿಡೀ ಬಿಡಿ. ಕಬ್ಬಿಣದ ಡಬ್ಬಿಯಲ್ಲಿ ಅರಗು ಕಪ್ಪಾಗುತ್ತದೆ. ಕರಗಿದ ಮೇಲೆ ಎರಡು ದಿನ ಅಲುಗಿಸದೆ ಇಟ್ಟರೆ ಅರಗಿನಲ್ಲಿರುವ ಮೇಣ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೇಕಾದ್ದು ಆ ತಿಳಿ ಮಾತ್ರ. ಮೇಣ ಸೇರಿದರೆ ಪಿಯು ಹಿಡಿಯದೆ ಹಾಳೆಯಂತೆ ಬಿಟ್ಟು ಬರುತ್ತದೆ. ಹತ್ತಿ ಉಂಡೆಗೆ ಮಲ್ ಬಟ್ಟೆ ಸುತ್ತಿ ಒಂದೇ ಸಲ ಎಳೆದು ಬಿಡಿ, ಎರಡು ಗಂಟೆ ಒಣಗಲಿ.

ಕೆಲಸ ಶುರುವಾಗಬೇಕಾದದ್ದು ಟೇಬಲ್ ಬೋರಲು ಹಾಕಿ. ಕೆಳಮೈಗೆ ಪಾಲಿಶ್ ಯಾಕೆ ಅನ್ನುವವರಿಗೆ ಉತ್ತರ: ಮೇಲೆ ಮಾತ್ರ ಮುಚ್ಚಿದ ಹಲಗೆ ಕೆಳಗಿನಿಂದ ತೇವ ಕುಡಿದು ದೋಣಿಯಂತೆ ಬಾಗುತ್ತದೆ. ಎರಡು ಕೋಟ್ ಕೊಡಿ, ನಯ ಬೇಕಿಲ್ಲ. ಟೇಬಲ್ ಬೋರಲಿದ್ದಾಗಲೇ ಕಾಲುಗಳ ಅಂಗಾಲನ್ನು ನೋಡಿ. ಅಂಗಾಲಿನಿಂದ ಎರಡಿಂಚು ಮೇಲಿನವರೆಗೆ ಪಾಲಿಶ್ ಎದ್ದು ಮರ ಕಪ್ಪಗೆ ಮೆದುವಾಗಿದ್ದರೆ ಕಾರಣ ದಿನಾ ನೆಲ ಒರೆಸುವ ನೀರು. ಮರದ ಎಳೆಗಳು ಅಲ್ಲಿ ಸ್ಟ್ರಾ ಕಟ್ಟಿನಂತೆ ಬಾಯಿ ತೆರೆದಿರುತ್ತವೆ, ನೀರು ನೇರ ಮೇಲೇರುತ್ತದೆ. ಅಲ್ಲಿಗೆ ತೆಳು ಮಾಡಿದ ಪಿಯುವನ್ನು ಕುಡಿಯುವಷ್ಟು ಕುಡಿಸಿ, ಹತ್ತು ನಿಮಿಷಕ್ಕೊಮ್ಮೆ ಮೂರು-ನಾಲ್ಕು ಸಲ. ಪೂರ್ತಿ ಒಣಗಿದ ಮೇಲೆ ರಬ್ಬರ್ ಬುಷ್ ಹಾಕಿ.

ಇನ್ನು ಮೇಲ್ಮೈ. ಡಬ್ಬಿಯನ್ನು ಅಲ್ಲಾಡಿಸಬೇಡಿ, ಗುಳ್ಳೆ ತುಂಬುತ್ತದೆ. ಕಡ್ಡಿಯಲ್ಲಿ ತಳ ಮುಟ್ಟಿ ನಿಧಾನ ಕಲಕಿ. ಮ್ಯಾಟ್ ಪಿಯುವಿನಲ್ಲಿ ಹೊಳಪು ಕೊಲ್ಲುವ ಪುಡಿ ತಳದಲ್ಲಿ ಕೂತಿರುತ್ತದೆ, ಕಲಕದಿದ್ದರೆ ಮೊದಲರ್ಧ ಹೊಳೆದು ಕೊನೆಯರ್ಧ ಮಸುಕಾಗುತ್ತದೆ. ಮೊದಲ ಕೋಟ್ ಮೂರು ಪಾಲು ಪಿಯುಗೆ ಒಂದು ಪಾಲು ಥಿನ್ನರ್. ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ಅದ್ದಿ, ಡಬ್ಬಿಗೆ ನೇರ ಬ್ರಷ್ ಅದ್ದಿದರೆ ಧೂಳೆಲ್ಲ ಡಬ್ಬಿ ಸೇರುತ್ತದೆ. ಅಂಚಿನಿಂದ ನಾಲ್ಕು ಬೆರಳು ಒಳಗೆ ಬ್ರಷ್ ಇಳಿಸಿ ಹೊರಕ್ಕೆ ಎಳೆಯಿರಿ, ಅಂಚಿನಲ್ಲೇ ಇಳಿಸಿದರೆ ಪಕ್ಕಕ್ಕೆ ಸೋರಿ ಹನಿ ಕಟ್ಟುತ್ತದೆ. ಒಂದು ಪಟ್ಟೆ ಮುಗಿದ ಮೇಲೆ ಖಾಲಿ ಬ್ರಷ್ಷನ್ನು ತುದಿಯಿಂದ ತುದಿಗೆ ಹಗುರಾಗಿ ಒಮ್ಮೆ ಎಳೆದು ಬಿಟ್ಟುಬಿಡಿ. ಐದು ನಿಮಿಷದ ನಂತರ ಬಿಟ್ಟುಹೋದ ಜಾಗ ಕಂಡರೂ ಮುಟ್ಟಬೇಡಿ. ಅರೆ ಒಣಗಿದ ಪದರಕ್ಕೆ ಬ್ರಷ್ ತಾಗಿದರೆ ಉಳುಮೆ ಮಾಡಿದಂತಾಗುತ್ತದೆ, ಮುಂದಿನ ಕೋಟ್ ಅದನ್ನು ಸರಿ ಮಾಡುತ್ತದೆ. ಕೋಟ್‌ಗಳ ನಡುವೆ ಡಬ್ಬಿ ಹೇಳಿದಷ್ಟು ಹೊತ್ತು ಬಿಟ್ಟು 320ರಲ್ಲಿ, ಕೊನೆಯದಕ್ಕೆ ಮುಂಚೆ 400ರಲ್ಲಿ ಹಗುರಾಗಿ ಉಜ್ಜಿ. ಬಿಳಿ ಪುಡಿ ಬಂದರೆ ಒಣಗಿದೆ, ಕಾಗದಕ್ಕೆ ಉಂಡೆ ಕಟ್ಟಿದರೆ ಇನ್ನೂ ಕಾಯಿರಿ. ಮ್ಯಾಟ್ ಬೇಕಾದವರೂ ಕೆಳಗಿನ ಕೋಟ್‌ಗಳನ್ನು ಹೊಳಪಿನ (ಗ್ಲಾಸಿ) ಪಿಯುವಿನಲ್ಲಿ ಕೊಟ್ಟು ಕೊನೆಯದನ್ನು ಮಾತ್ರ ಮ್ಯಾಟ್ ಮಾಡಿದರೆ ಮರದ ಎಳೆ ಸ್ಪಷ್ಟವಾಗಿ ಕಾಣುತ್ತದೆ.

ಕಾಲ ನೋಡಿ ಕೆಲಸ ಹಿಡಿಯಿರಿ. ತುಮಕೂರಿನ ಜನವರಿ, ಫೆಬ್ರವರಿ ಇದಕ್ಕೆ ಹೇಳಿ ಮಾಡಿಸಿದ ತಿಂಗಳು: ಒಣ ಹವೆ, ಉರಿಯಿಲ್ಲ. ಆಷಾಢದ ಗಾಳಿಗೆ ತಾರಸಿ ಮೇಲೆ ಹಚ್ಚಿದರೆ ಪಾಲಿಶ್‌ಗಿಂತ ಮಣ್ಣೇ ಹೆಚ್ಚು ಕೂರುತ್ತದೆ. ಏಪ್ರಿಲ್ ಮಧ್ಯಾಹ್ನ ಬ್ರಷ್ ಎಳೆಯುವಷ್ಟರಲ್ಲಿ ಮೇಲ್ಪದರ ಕಟ್ಟಿ ಒಳಗಿನ ಥಿನ್ನರ್ ಗುಳ್ಳೆಯಾಗಿ ಏಳುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಎನ್‌ಸಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಎರಡು ಡಬ್ಬಿಯ ಪಿಯು ಆ ತೇವದೊಡನೆ ಸೇರಿ ಸೂಜಿಮೊನೆಯಷ್ಟು ಗುಳ್ಳೆ ಬಿಡುತ್ತದೆ. ಮಳೆ ನಿಂತ ಸಂಜೆಯ ಇನ್ನೊಂದು ಕಾಟ ಈಸಲು ಹುಳ. ಲೈಟ್ ಹಾಕಿದ ಕೂಡಲೇ ನೂರಾರು ಬಂದು ಹಸಿ ಪಾಲಿಶ್ ಮೇಲೆ ರೆಕ್ಕೆ ಬಿಟ್ಟು ಹೋಗುತ್ತವೆ. ಬೆಳಿಗ್ಗೆ ಹಚ್ಚಿ, ದೀಪ ಹಚ್ಚುವ ಹೊತ್ತಿಗೆ ಬೆರಳಿಗೆ ಅಂಟದಂತಿರಬೇಕು.

ಹಚ್ಚಿದ ಹತ್ತೇ ನಿಮಿಷಕ್ಕೆ ಅಲ್ಲಲ್ಲಿ ಕಡಲೆಕಾಳಿನಷ್ಟು ಗುಂಡಗೆ ಪಾಲಿಶ್ ಹಿಂದೆ ಸರಿದು ನಡುವೆ ಮರ ಕಂಡರೆ ಅದೇ ಸಿಲಿಕೋನ್. ಮೇಲೆ ಇನ್ನಷ್ಟು ಬಳಿದರೆ ಗುಂಡಿ ದೊಡ್ಡದಾಗುತ್ತದೆ ಅಷ್ಟೇ. ಹಸಿಯಿರುವಾಗಲೇ ಥಿನ್ನರ್ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದು, ಬಟ್ಟೆ ಬದಲಿಸುತ್ತಾ ಮತ್ತೆ ಮತ್ತೆ ತೊಳೆದು, ಮೇಲೆ ಹೇಳಿದ ಅರಗಿನ ತಿಳಿಯನ್ನು ಎಳೆದು ಶುರುವಿನಿಂದ ಹೊರಡಬೇಕು.

ಕೊನೆಯ ಕೋಟ್ ಬಿದ್ದ ಮರುದಿನ ಟೇಬಲ್ ಮುಟ್ಟಿದರೆ ಕಲ್ಲಿನಂತಿರುತ್ತದೆ, ಒಳಗೆ ಇನ್ನೂ ಹಸಿ. ಎರಡು ದಿನದ ಮೇಲೆ ತಣ್ಣನೆ ತಟ್ಟೆ ಇಡಬಹುದು. ಬಿಸಿ ಮುದ್ದೆ ತಟ್ಟೆಗೆ ಎರಡು ವಾರ, ಪೂರ್ತಿ ಗಟ್ಟಿಯಾಗಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಈ ತಿಂಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಹಾಸಿದಿರೋ ಕೆಟ್ಟಿತು. ಶೀಟನ್ನು ಮೆದುವಾಗಿಡುವ ಎಣ್ಣೆಯಂಥ ರಾಸಾಯನಿಕ ಹೊಸ ಪಾಲಿಶ್‌ಗೆ ಇಳಿದು ಎರಡೂ ಒಂದಾಗಿ ಅಂಟಿಕೊಳ್ಳುತ್ತವೆ, ಎಳೆದರೆ ಪಾಲಿಶ್ ಶೀಟಿನ ಜೊತೆ ಬರುತ್ತದೆ. ಆಮೇಲೂ ಅದಕ್ಕಿಂತ ಹತ್ತಿ ಬಟ್ಟೆ ಮೇಲು. ಗಾಜು ಹಾಕುವುದಾದರೆ ಕೆಳಗೆ ಸಣ್ಣ ರಬ್ಬರ್ ಗುಂಡಿ ಕೊಡಿ, ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿ ಬೇಕು. ಪಿಯು ಹಾಕಿದ ಮೇಲೂ ಕುಕ್ಕರ್ ನೇರ ಇಡುವ ಹಾಗಿಲ್ಲ, ಸಿಂಬಿ ಇರಲಿ. ಬೋರ್‌ವೆಲ್ ನೀರಿನ ಲೋಟ ಬಿಟ್ಟ ಬಿಳಿ ಉಂಗುರ ಸುಣ್ಣದಂಶದ್ದು. ವಿನಿಗರ್‌ಗೆ ಎರಡರಷ್ಟು ನೀರು ಬೆರೆಸಿ ಒರೆಸಿ, ಕೂಡಲೇ ಒಣ ಬಟ್ಟೆ ಹಾಕಿ.

ಉಳಿದ ಪಿಯುವನ್ನು ಅರ್ಧ ಖಾಲಿ ಡಬ್ಬಿಯಲ್ಲೇ ಮುಚ್ಚಿಟ್ಟರೆ ಒಳಗಿನ ಗಾಳಿಗೆ ಮೇಲೆ ಚರ್ಮ ಕಟ್ಟುತ್ತದೆ. ಬಾಯಿಮಟ್ಟ ತುಂಬುವಂಥ ಸಣ್ಣ ಗಾಜಿನ ಬಾಟಲಿಗೆ ಸೋಸಿ, ತಾರೀಖು ಬರೆದು ಮಕ್ಕಳ ಕೈಗೆ ಎಟುಕದಂತೆ ಇಡಿ. ಕೂರುವ ಜಾಗದ ಮುಂದೆ, ಮುಂಗೈ ಉಜ್ಜುವ ಅಂಚಿನಲ್ಲಿ, ಹೊಳಪು ಮೊದಲು ಸವೆಯುತ್ತದೆ. ಮರ ಕಾಣುವ ಮುಂಚೆಯೇ 320ರಲ್ಲಿ ಉಜ್ಜಿ ಆ ಬಾಟಲಿಂದ ಒಂದು ತೆಳು ಕೋಟ್ ಕೊಟ್ಟರೆ ಹಲಗೆಯನ್ನು ಮತ್ತೆ ಬರಿದು ಮಾಡಬೇಕಾಗುವುದಿಲ್ಲ.